ಗಿಡ ಮೊದಲು, ಸೀಗಡಿ ಆಮ್ಯಾಲ, ಮೀನ ಬ್ಯಾಡೇ ಬ್ಯಾಡ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕ್ಯಾಗ ಫಿಲ್ಟರ್ ಇಲ್ಲದ ಗಿಡದ ಅಕ್ವೇರಿಯಂ ಬಗ್ಗೆ ನಾಕು ಸಾಲು ಬರದಿದ್ದಕ್ಕ ಕಲಬುರಗಿ, ಬೀದರ, ಯಾದಗಿರಿ ಕಡಿಂದ ಪತ್ರ ಭಾಳ ಬಂದಾವ್ರಿ. ಎಲ್ಲಾಕ್ಕೂ ಉತ್ತರ ಕೊಡ್ಲಾಕ ಜಾಗ ಇಲ್ಲ, ಒಂದೇ ನಮೂನಿ ಪ್ರಶ್ನಿ ಕೂಡಿಸಿ ಉತ್ತರ ಬರದೀವಿ.

ನಮ್ಮ ಶಾಲಿ ಲ್ಯಾಬಿನ್ಯಾಗ ಎರಡು ಫೂಟಿನ ಗಾಜಿನ ಟ್ಯಾಂಕ್ ಖಾಲಿ ಬಿದ್ದದ. ಮೋಟರ್, ಫಿಲ್ಟರ್ ಏನೂ ಇಲ್ಲದೆ ಬರೇ ಗಿಡ, ಸೀಗಡಿ, ಬಸವನಹುಳ ಇಟ್ಟು ತಾನೇ ನಡಿಯುವಂಗ ಮಾಡಬೇಕಂತ ಆಸೆ. ಮಕ್ಕಳಿಗಿ ತೋರಿಸ್ಲಾಕ ಛೊಲೋ ಆಗ್ತದ. ಆದ್ರ ಬ್ಯಾಸಿಗಿ ಸೂಟಿಯಾಗ ಯಾರೂ ಇರಲ್ಲ. ಆಗೋ ಮಾತೇನ್ರಿ ಇದು? ಎಲ್ಲಿಂದ ಶುರು ಮಾಡ್ಬೇಕು?
— ಶಾಲಾ ಶಿಕ್ಷಕಿ, ಕಲಬುರಗಿ

ಆಗ್ತದ್ರಿ ಟೀಚರ್, ಆದ್ರ "ತಾನೇ ನಡೀತದ" ಅನ್ನೋದಕ್ಕ ಒಂದು ಮಿತಿ ಅದ. ಬೆಳಕು ಹೊರಗಿಂದ ಬರಬೇಕು, ಆರಿ ಹೋದ ನೀರು ನೀವು ತುಂಬಬೇಕು, ಇವೆರಡು ಬಿಟ್ಟು ಉಳಿದ ಕೆಲಸ ಒಳಗ ಇದ್ದವರೇ ಮಾಡ್ಕೋತಾರ.

ಇದು ಇವತ್ತಿನ ಫ್ಯಾಷನ್ ಅಲ್ಲ. 1849-50ರ ಸುಮಾರಿಗಿ ಲಂಡನ್ನಿನ್ಯಾಗ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಒಂದು ಗಾಜಿನ ಪಾತ್ರಿಯಾಗ ಎರಡು ಗೋಲ್ಡ್ ಫಿಶ್ ಬಿಟ್ಟು ವ್ಯಾಲಿಸ್ನೇರಿಯಾ ಗಿಡ ಹಚ್ಚಿದ. ಗಿಡ ಆಕ್ಸಿಜನ್ ಕೊಡ್ತದ, ಮೀನ ಕಾರ್ಬನ್ ಡೈಆಕ್ಸೈಡ್ ಕೊಡ್ತದ, ಲೆಕ್ಕ ಸರಿ ಆಯ್ತು ಅಂದ್ಕೊಂಡ. ಆದ್ರ ಸ್ವಲ್ಪ ದಿನದಾಗ ಹಳೇ ಎಲಿ ಕೊಳತು ನೀರು ರಾಡಿ ಆಗಿ ಗಾಜಿನ ಮ್ಯಾಲ ಲೋಳಿ ಹಿಡೀತು. ಆವಾಗ ಕೆರಿ ಬಸವನಹುಳ ತಂದು ಬಿಟ್ಟ, ಅವು ಕೊಳತ ಎಲಿ, ಪಾಚಿ ತಿಂದು ಗಿಡಕ್ಕ ಗೊಬ್ಬರ ಮಾಡಿ ಕೊಟ್ಟವು, ನೀರು ತಿಳಿ ಆಯ್ತು. ಅಂದ್ರ ಟ್ಯಾಂಕ್ ನಡಿಸೋರು ಮೀನ ಅಲ್ಲ, ಕಸ ತಿನ್ನೋ ಸಣ್ಣ ಜೀವ. ಮಂದಿ ಇದನ್ನೇ ಮರೀತಾರ, ಅಂಗಡಿಗಿ ಹೋಗಿ ಮೊದಲ ದಿನಾನೇ ಸೀಗಡಿ ತಂದು ಸುರೀತಾರ, ವಾರದಾಗ ಎಲ್ಲಾ ಸಾಯ್ತಾವ, ಆಮ್ಯಾಲ ಅಂಗಡಿಯವನಿಗಿ ಬೈತಾರ.

ನಿಮ್ಮ ಟ್ಯಾಂಕ್ ಎರಡು ಫೂಟು ಉದ್ದ, ಒಂದೊಂದು ಫೂಟು ಅಗಲ ಎತ್ತರ ಇದ್ರ ಸುಮಾರು 56 ಲೀಟರ್ ಹಿಡೀತದ, ಸಾಕು. ತಳಕ್ಕ ಒಂದು ಇಂಚು ಮಣ್ಣು, ಅದರ ಮ್ಯಾಲ ಒಂದು ಇಂಚು ತೊಳದ ಉಸುಕು ಇಲ್ಲಾ ಸಣ್ಣ ಖಡಿ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಅನ್ನೋರು ಜನಪ್ರಿಯ ಮಾಡಿದ ಪದ್ಧತಿ ಇದು. ಮಣ್ಣು ಹೂಕುಂಡದ ಹಳೇ ಮಣ್ಣು ಇರಲಿ, ಹಸಿ ಸಗಣಿ ಗೊಬ್ಬರ, ಯೂರಿಯಾ ಬಿದ್ದದ್ದು ಬ್ಯಾಡ, ಯಾಕಂದ್ರ ಅದರಾಗಿನ ಅಮೋನಿಯಾ ನೀರಿಗಿ ಬಿಟ್ಟು ಎಲ್ಲಾ ಸಾಯಿಸ್ತದ. ಸಾಣಿಗಿ ಹಿಡಿದು ಕಡ್ಡಿ ಕಸ ತೆಗೀರಿ. ನೀರು ಸುರುವಾಗ ಉಸುಕಿನ ಮ್ಯಾಲ ಒಂದು ತಾಟು ಇಟ್ಟು ಅದರ ಮ್ಯಾಲ ನಿಧಾನಕ್ಕ ಹಾಕ್ರಿ, ಇಲ್ಲಂದ್ರ ಮಣ್ಣು ಮ್ಯಾಲ ಎದ್ದು ಚಹಾ ಬಣ್ಣ ಆಗ್ತದ. ನಳದ ನೀರು ಇದ್ರ ಒಂದು ದಿನ ಬಕೇಟಿನ್ಯಾಗ ತೆರದಿಟ್ಟು ಕ್ಲೋರಿನ್ ಹೋಗ್ಲಿಕ್ಕಿ ಬಿಡ್ರಿ.

ಗಿಡ ಮೊದಲ ದಿನಾನೇ ತುಂಬಿಸಿಬಿಡ್ರಿ, ಕಂಜೂಸಿ ಮಾಡಬ್ಯಾಡ್ರಿ. ತಳದ ಮುಕ್ಕಾಲು ಭಾಗ ಹಸಿರು ಕಾಣಬೇಕು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್, ಒಂದು ಮುಷ್ಟಿ ಜಾವಾ ಮಾಸ್, ಮ್ಯಾಲ ತೇಲ್ಲಾಕ ಸ್ವಲ್ಪ ಸಾಲ್ವಿನಿಯಾ ಇದ್ರ ಆಯ್ತು. ನಮ್ಮ ಕಡಿ ಬೋರಿನ ನೀರು ಗಡಸು, ಬಕೇಟಿಗಿ ಬಿಳಿ ಹಿಡೀತದ, ಇದು ಗಿಡಕ್ಕ ಅಡ್ಡಿ ಅಂತ ಮಂದಿ ಹೆದರ್ತಾರ. ಈ ಮೊದಲಿನ ಮೂರು ಗಿಡಕ್ಕ ಹಂಗೇನಿಲ್ಲ, ನೀರಾಗಿನ ಬೈಕಾರ್ಬೋನೇಟ್‌ನಿಂದಲೇ ಅವು ಕಾರ್ಬನ್ ಎಳಕೋತಾವ. ಬೆಳಕು ಛಂದ ಬೀಳೋ ಹೈಡ್ರಿಲ್ಲಾ ಎಲಿ ಒಂದು ತೆಗೆದು ಬಟ್ಟಿನ್ಯಾಗ ಉಜ್ಜಿ ನೋಡ್ರಿ, ಬಿಳಿ ಸುಣ್ಣದ ಪುಡಿ ಹತ್ತತದ, ಅದು ರೋಗ ಅಲ್ಲ, ಗಿಡ ಊಟ ಮಾಡಿದ ಗುರ್ತು. ಮಕ್ಕಳಿಗಿ ಇದನ್ನ ತೋರಿಸ್ರಿ.

ಆಮ್ಯಾಲ ಕಾಯಬೇಕು, ನಾಕರಿಂದ ಆರು ವಾರ. ಅಮೋನಿಯಾವನ್ನ ನೈಟ್ರೈಟ್, ನೈಟ್ರೈಟನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಮಣ್ಣಿನ್ಯಾಗ, ಗಿಡದ ಮ್ಯಾಲ ಕೂಡಬೇಕಲ್ಲ, ಅದಕ್ಕ ಅಷ್ಟು ಟೈಮ್ ಬೇಕು. ಈ ಟೈಮಿನ್ಯಾಗ ನೀರು ಒಮ್ಮೆ ಹಸಿರಾಗ್ತದ, ಗಾಜಿನ ಮ್ಯಾಲ ಕಂದು ಧೂಳು ಕೂಡ್ತದ, ಗಾಬರಿ ಆಗಿ ತೊಳೀಲಾಕ ಹೋಗಬ್ಯಾಡ್ರಿ. ಎರಡನೇ ವಾರ ಐದಾರು ಬಸವನಹುಳ ಬಿಡ್ರಿ, ಅವು ಆರಾಮ ಓಡಾಡಿಕೊಂಡು ಇದ್ದು ಹೊಸಾ ಎಲಿ ಬರ್ಲಾಕತ್ರ ಆರನೇ ವಾರ ಹತ್ತು ಚೆರ್ರಿ ಸೀಗಡಿ, ಅಂದ್ರ ಸಿಹಿ ನೀರಿನ ಸಣ್ಣ ಕೆಂಪು ಸೀಗಡಿ. ಹತ್ತೇ ಸಾಕು, ಒಂದು ಹೆಣ್ಣು ಹೊಟ್ಟಿ ಕೆಳಗ 20-30 ಮೊಟ್ಟಿ ಹೊತ್ತು ಸುಮಾರು ಮೂರು ನಾಕು ವಾರದಾಗ ಮರಿ ಬಿಡ್ತದ, ಟ್ಯಾಂಕಿನ್ಯಾಗ ಊಟ ಎಷ್ಟದ ಅಷ್ಟು ಮರಿ ಉಳೀತಾವ, ಆ ಲೆಕ್ಕ ನಾವು ಮಾಡೋದು ಬ್ಯಾಡ.

ಬಿಳಿ, ಗಾಜಿನಷ್ಟು ತೆಳು ಸೀಗಡಿ ಒಂದು ತಳಕ್ಕ ಬಿದ್ದದ್ದು ಕಂಡ್ರ ಸತ್ತದ ಅಂತ ತೆಗೀಬ್ಯಾಡ್ರಿ. ಮೀಸಿ, ಕಾಲು, ಕಣ್ಣಿನ ಮುಚ್ಚಳ ಸಹಿತ ಇರ್ತದ ಆದ್ರ ಒಳಗ ಖಾಲಿ, ಅದು ಬಿಚ್ಚಿ ಹೋದ ಸಿಪ್ಪಿ. ಸೀಗಡಿ ಮೈ ಮೆತ್ತಗಾಗಿ ಮಾಸ್ ಒಳಗ ಅಡಗಿ ಕುಂತಿರ್ತದ. ಆ ಸಿಪ್ಪಿನ ಉಳಿದ ಸೀಗಡಿ ತಿಂದು ಸುಣ್ಣ ವಾಪಸ್ ತಗೋತಾವ.

ಸೂಟಿ ಪ್ರಶ್ನಿಗಿ ಬಂದ್ರ, ಊಟ ಹಾಕಲಿಲ್ಲಂದ್ರ ನಡೀತದ, ಗಿಡ ಪಾಚಿ ಇದ್ದಾಗ ಅವಕ್ಕ ಹಸಿವಿ ಆಗಲ್ಲ. ಆದ್ರ ಏಪ್ರಿಲ್, ಮೇದಾಗ ನಮ್ಮ ಒಣ ಗಾಳಿಗಿ ನೀರು ಆರೋದು ನಿಲ್ಲಲ್ಲ. ಶಾಲಿ ಸಿಪಾಯಿಗಿ ವಾರಕ್ಕೊಮ್ಮೆ ಬಂದು ಗೆರಿ ಮಟ್ಟ ನೀರು ತುಂಬ್ಲಾಕ ಹೇಳ್ರಿ. ಗಾಜಿನ ಮ್ಯಾಲ ಮಾರ್ಕರ್ ಪೆನ್ನಿಂದ ಗೆರಿ ಹಾಕಿ ಇಟ್ರ ಅವರಿಗೂ ಸುಲಭ. ಕರೆಂಟ್ ಹೋದ್ರ ಚಿಂತಿ ಇಲ್ಲ, ಇಲ್ಲಿ ನಿಲ್ಲೋ ಮೋಟರೇ ಇಲ್ಲ. ಪಶ್ಚಿಮದ ಕಿಟಕಿ ಬಿಸಲು ಮಾತ್ರ ನೇರ ಬೀಳಬಾರದು.

ಹೊಲದ ಎರಿ ಮಣ್ಣು ಹಾಕಬಹುದಾ? ಮತ್ತ ಮನಿ ಕಟ್ಟುವಾಗ ಉಳಿದ ಶಹಾಬಾದಿ ಫರಸಿ ತುಂಡು ಭಾಳ ಅದಾವ, ಗುಡ್ಡದಂಗ ಜೋಡಿಸಿ ಇಡಬೇಕಂತ ಮಾಡೀನಿ.
— ಸೇಡಂ

ಫರಸಿ ಧಾರಾಳ ಇಡ್ರಿ. ಅದು ಸುಣ್ಣದ ಕಲ್ಲು, ಮ್ಯಾಲ ಲಿಂಬಿ ರಸ ಬಿಟ್ರ ಸಣ್ಣಗ ಗುಳ್ಳಿ ಏಳ್ತಾವ ನೋಡ್ರಿ. ನೀರಿನ ಗಡಸುತನ ಸ್ವಲ್ಪ ಏರಿಸ್ತದ, ಚೆರ್ರಿ ಸೀಗಡಿಗಿ, ಬಸವನಹುಳಕ್ಕ ಚಿಪ್ಪು ಕಟ್ಲಾಕ ಅದೇ ಬೇಕು. ಕ್ರಿಸ್ಟಲ್ ರೆಡ್ ಅಂತ ದುಬಾರಿ ಸೀಗಡಿ ಮಾರ್ತಾರಲ್ಲ, ಅವಕ್ಕ ಮಾತ್ರ ಮೆತ್ತನ ನೀರು ಬೇಕು, ನಮ್ಮ ಊರಾಗ ಅವುಗಳ ಉಸಾಬರಿ ಬ್ಯಾಡ ಅಂತ ನನ್ನ ಅಭಿಪ್ರಾಯ. ಪಾಲಿಶ್, ಸಿಮೆಂಟ್ ಹತ್ತಿದ ತುಂಡು ಬಿಟ್ಟು ಉಳಿದದ್ದು ತೊಳದು ಹಾಕ್ರಿ.

ಎರಿ ಮಣ್ಣಿನ ಕತಿ ಬ್ಯಾರೆ. ಸತ್ವ ಹಿಡ್ಕೊಂಡು ಇಟ್ಕೊಳ್ಳೋ ಶಕ್ತಿ ಅದಕ್ಕ ಭಾಳ ಅದ, ಅದಕ್ಕೇ ಗಿಡ ಜೋರು ಬರ್ತಾವ, ಆದ್ರ ನೀರು ಕುಡದು ಉಬ್ಬತದ, ಅಂಟಾಗಿ ಕುಂದರ್ತದ, ಒಳಗ ಗಾಳಿ ಆಡಲ್ಲ, ಕಡೀಗಿ ಕೊಳತ ತತ್ತಿ ವಾಸನಿ ಬರೋ ಹೈಡ್ರೋಜನ್ ಸಲ್ಫೈಡ್ ಆಗ್ತದ. ಒಂದು ಪಾಲು ಎರಿಗಿ ಎರಡು ಪಾಲು ಉಸುಕು ಬೆರಸಿ, ಅರ್ಧ ಇಂಚಿನಕಿಂತ ಹೆಚ್ಚು ಹಾಕಬ್ಯಾಡ್ರಿ, ತಿಂಗಳಿಗೊಮ್ಮೆ ಸಣ್ಣ ಕಡ್ಡಿಲಿಂದ ಅಲ್ಲಲ್ಲಿ ಚುಚ್ಚಿ ಗಾಳಿ ಬಿಡ್ರಿ. ಇದಕ್ಕಿಂತ ದೊಡ್ಡ ಮಾತು ಅಂದ್ರ, ಯಾವ ಹೊಲದ್ದು? ತೊಗರಿ, ಹತ್ತಿ ಹೊಲದಾಗ ಕಾಯಿಕೊರಕಕ್ಕ ಹೊಡದ ಔಷಧ ಹುಳ ಸಾಯಿಸ್ಲಾಕೇ ಮಾಡಿದ್ದು, ಸೀಗಡಿನೂ ಹುಳದಂಗ ಗೆಣ್ಣು ಗೆಣ್ಣು ಕಾಲಿನ ಸಂಧಿಪದಿ ಜಾತಿ, ಔಷಧಕ್ಕ ಫರಕ್ ಗೊತ್ತಾಗಲ್ಲ. ಔಷಧ ಹೊಡೀದ ಬದುವಿನ ಮಣ್ಣು ಇಲ್ಲಾ ಹಿತ್ತಲ ಮಣ್ಣು ತಗೊಳ್ರಿ.

ಬೀದರ ಕಡಿಯವರೂ ಇದನ್ನೇ ಕೇಳ್ಯಾರ, ಕೆಂಪು ಮಣ್ಣು ಹ್ಯಾಂಗ ಅಂತ. ಭಾಳ ಛೊಲೋ. ಜಂಬಿಟ್ಟಿಗಿ ಮಣ್ಣಿನ್ಯಾಗ ಕಬ್ಬಿಣ ತುಂಬ್ಯದ, 1980ರ ದಶಕದಾಗ ಜರ್ಮನಿ ಅಕ್ವೇರಿಯಂ ಕಂಪನಿಯವರು ಇದೇ ಲ್ಯಾಟರೈಟ್ ಪುಡಿ ಪ್ಯಾಕೆಟ್ ಮಾಡಿ ಮಾರ್ತಿದ್ರು, ನಿಮಗ ಅಂಗಳದಾಗೇ ಫುಕಟ್ ಸಿಗ್ತದ. ಅದರಾಗ ಕೊಳತ ಎಲಿ ಸತ್ವ ಕಡಿಮಿ ಇರ್ತದ, ಅದಕ್ಕ ಅರ್ಧ ಹೂಕುಂಡದ ಮಣ್ಣು ಕೂಡಿಸ್ರಿ.

ಮನ್ಯಾಗ ಅಜ್ಜನ ಕಾಲದ ಬಿದ್ರಿ ಹೂದಾನಿ ಅದ. ಕರ‍್ರಗ ಛಂದ ಕಾಣ್ತದ, ಟ್ಯಾಂಕಿನ್ಯಾಗ ಶೋಕ್ಕ ಇಡಬಹುದಾ?
— ಬೀದರ

ಬ್ಯಾಡ್ರೀ ಅಣ್ಣಾರ. ಬಿದ್ರಿ ಅಂದ್ರ ಸತುವಿನಾಗ ತಾಮ್ರ ಬೆರಸಿದ ಲೋಹ. ಎರಡೂ ನೀರಿಗಿ ಇಳದ್ರ ಸೀಗಡಿ, ಬಸವನಹುಳ ಉಳಿಯಲ್ಲ, ಅದರಾಗೂ ತಾಮ್ರ ಅವುಗಳ ಪಾಲಿಗಿ ಪಕ್ಕಾ ವಿಷ. ಮಜಾ ಏನಂದ್ರ ಸೀಗಡಿ ರಕ್ತದಾಗ ಆಕ್ಸಿಜನ್ ಹೊರೋದು ತಾಮ್ರಾನೇ, ಆದ್ರೂ ನೀರಾಗ ಹೆಚ್ಚಾಗಿ ಬಂದ್ರ ಕಿವಿರು ಕೆಡಿಸ್ತದ. ತಾಮ್ರದ ಕೊಡದ ನೀರೂ ಬ್ಯಾಡ, ಪಾಚಿ ಔಷಧ ಅಂತ ಕೊಡೋ ಮೈಲುತುತ್ತದ ಬಾಟಲಿನೂ ಬ್ಯಾಡ. ಹೂದಾನಿಗೂ ಕೇಡು, ಬೀದರ ಕೋಟೆಯೊಳಗಿನ ಮಣ್ಣು, ನವಸಾಗರ ಹಾಕಿ ಕುದಿಸಿ ತಂದ ಆ ಕರಿ ಬಣ್ಣ ಹಾಳಾಗ್ತದ. ಟೇಬಲ್ ಮ್ಯಾಲೇ ಇರಲಿ.

ಗಿಡ ಹಾಕಿ ಸ್ವಲ್ಪ ದಿನ ಆಯ್ತು, ನೀರಾಗ ಬಿಳಿ ಬಿಳಿ ಚುಕ್ಕಿ ಕುಣೀಲಾಕತ್ತಾವ. ನಮ್ಮ ಅಮ್ಮ ನೋಡಿ, ಇದರಿಂದಲೇ ನಾರು ಹುಣ್ಣು ಆಗ್ತಿತ್ತು, ಚೆಲ್ಲಿ ಬಿಡು ಅಂತ ಗಂಟು ಬಿದ್ದಾರ.
— ಶಹಾಪುರ, ಯಾದಗಿರಿ ಜಿಲ್ಲೆ

ಅಮ್ಮ ಹೇಳಿದ್ದು ಸುಳ್ಳಲ್ಲರಿ. ಮೆಟ್ಟಲ ಬಾವಿ ನೀರು ಕುಡಿಯೋ ಕಾಲದಾಗ ಆ ನೀರಾಗಿನ ಸೈಕ್ಲಾಪ್ಸ್ ಅನ್ನೋ ಹುಳ ಹೊಟ್ಟಿಗಿ ಹೋಗಿ, ಅದರೊಳಗಿನ ನಾರು ಹುಳದ ಮರಿ ಮೈಯಾಗ ಬೆಳದು, ಸುಮಾರು ವರ್ಷದ ಮ್ಯಾಲ ಕಾಲಿನಿಂದ ದಾರದಂಗ ಹೊರಗ ಬರ್ತಿತ್ತು. ಆ ಕಾಲು ಮತ್ತ ಬಾವ್ಯಾಗ ಇಟ್ರ ಮರಿ ನೀರಿಗಿ ಬೀಳ್ತಿದ್ವು, ಸೈಕ್ಲಾಪ್ಸ್ ಅವನ್ನ ತಿಂತಿತ್ತು, ಹಿಂಗ ಸುತ್ತು ನಡೀತಿತ್ತು. ರೋಗ ಇದ್ದ ಮನಷಾ ಇಲ್ಲಂದ್ರ ಸುತ್ತು ಕಡಿದಂಗೇ. ಭಾರತದಾಗ ಕೊನಿ ಕೇಸು 1996ರಾಗ, 2000ದಾಗ ವಿಶ್ವ ಆರೋಗ್ಯ ಸಂಸ್ಥೆ ದೇಶ ನಾರು ಹುಣ್ಣು ಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟದ. ಅಮ್ಮಗ ಇದನ್ನ ಹೇಳ್ರಿ, ಟ್ಯಾಂಕಿನ ನೀರು ಯಾರೂ ಕುಡೀಬ್ಯಾಡ್ರಿ, ಅಷ್ಟೇ.

ಒಂದು ಗಾಜಿನ ಗ್ಲಾಸಿನ್ಯಾಗ ನೀರು ತಗೊಂಡು ಹಿಂದ ಕರಿ ಬಟ್ಟಿ ಹಿಡಿದು ನೋಡ್ರಿ, ಯಾವುದು ಏನಂತ ಗೊತ್ತಾಗ್ತದ. ಝಟ್ ಝಟ್ ಅಂತ ಮುಂದ ಹೋಗಿ ಬಾಲದ ಎರಡೂ ಬಾಜೂಕ ಮೊಟ್ಟಿ ಚೀಲ ಹೊತ್ತಿದ್ರ ಸೈಕ್ಲಾಪ್ಸ್ ಹೆಣ್ಣು. ಮ್ಯಾಲ ಜಿಗಿದು ತಾನೇ ಕೆಳಗ ಇಳೀತಿದ್ರ ಡಾಫ್ನಿಯಾ ಇಲ್ಲಾ ಮೊಯಿನಾ, ನೀರಿನ ಹಸಿರು ತಿಂದು ತಿಳಿ ಮಾಡೋದು ಇವೇ, ರೊಕ್ಕ ಕೊಟ್ಟು ತರೋರದಾರ. ಗಸಗಸಿ ಕಾಳಿನಂಗ ದುಂಡಗ ಇದ್ದು ಉಸುಕಿನ ಮ್ಯಾಲ ಓಡಾಡಿದ್ರ ಆಸ್ಟ್ರಾಕಾಡ್, ಕಸ ತಿನ್ನೋವು. ಮೂರೂ ಬಂದಾವ ಅಂದ್ರ ನಿಮ್ಮ ಟ್ಯಾಂಕ್ ಹಿಡೀತು ಅಂತ ಅರ್ಥ, ಒಂದನ್ನೂ ಚೆಲ್ಲಬ್ಯಾಡ್ರಿ.

ಚೆಲ್ಲಬೇಕಾದ್ದು ಒಂದೇ, ತಲಿ ಕೆಳಗ ಮಾಡಿ ನೀರಿನ ಮ್ಯಾಲ್ಪದರಕ್ಕ ಜೋತು ಬಿದ್ದು, ಗ್ಲಾಸ್ ತಟ್ಟಿದ ಕೂಡ್ಲೇ ಮೈ ಹೊಯ್ದಾಡಿಸಿ ಕೆಳಗ ಓಡೋದು. ಅದು ಸೊಳ್ಳಿ ಮರಿ. ಮೀನ ಇಲ್ಲದ ಟ್ಯಾಂಕಿನ್ಯಾಗ ಅವನ್ನ ತಿನ್ನೋರು ಯಾರೂ ಇಲ್ಲ, ಬ್ಯಾಸಿಗಿಯಾಗ ವಾರ, ಹತ್ತು ದಿನಕ್ಕ ಸೊಳ್ಳಿ ಆಗಿ ಹಾರ್ತಾವ, ಡೆಂಗಿ ಸರ್ವೆಗಿ ಆಶಾ ಕಾರ್ಯಕರ್ತೆ ಬಂದು ನೋಡಿದ್ರ ಬೈಸಿಕೊಳ್ಳೋದು ನೀವೇ. ಹಳೇ ಸೊಳ್ಳಿ ಪರದಿ ಕತ್ತರಿಸಿ ಟ್ಯಾಂಕಿನ ಬಾಯಿಗಿ ಬಿಗಿಯಾಗಿ ಕಟ್ರಿ, ಗಾಳಿನೂ ಆಡ್ತದ, ಗಾಜಿನ ಮುಚ್ಚಳಕ್ಕಿಂತ ಇದೇ ಪಾಡು.

ವರ್ಷ ಪೂರ್ತಿ ಛಂದ ಇದ್ದ ಸೀಗಡಿ ಏಪ್ರಿಲ್‌ದಾಗ ಒಂದೇ ರಾತ್ರಿಗಿ ಎಲ್ಲಾ ಸತ್ತವು. ಬಸವನಹುಳ ಮಾತ್ರ ಉಳದಾವ. ನೀರು ದಿನಾ ಬೋರಿಂದು ತುಂಬ್ತಿದ್ದೆ. ಸೊಳ್ಳಿ ಕಾಟಕ್ಕ ಕಿಟಕಿ ಮುಚ್ಚಿ ಲಿಕ್ವಿಡ್ ಮಷೀನ್ ಹಚ್ಚತೀವಿ. ಯಾಕ ಹಿಂಗಾಯ್ತು?
— ಕಲಬುರಗಿ

ನಿಮ್ಮ ಪತ್ರದಾಗೇ ಮೂರು ಕಾರಣ ಅದಾವ, ಯಾವುದು ಹೆಚ್ಚು ಅಂದ್ರ ನಾನು ಮಷೀನಿಗೇ ಬಟ್ಟು ಮಾಡಿ ತೋರಿಸ್ತೀನಿ. ಆ ಲಿಕ್ವಿಡ್ಡು, ಬತ್ತಿಯಾಗ ಹೆಚ್ಚಾಗಿ ಇರೋದು ಪೈರೆಥ್ರಾಯ್ಡ್ ಜಾತಿ ಔಷಧ, ನೀರಿಗಿ ಚೂರು ಇಳದ್ರೂ ಸೀಗಡಿ ನರ ಹಿಡೀತದ, ಬಸವನಹುಳಕ್ಕ ಅಷ್ಟು ತಾಗಲ್ಲ. ಸೀಗಡಿ ಸತ್ತು ಬಸವನಹುಳ ಉಳೀತು ಅಂದ್ರ ಸಂಶಯ ಅಲ್ಲೇ ಹೋಗ್ತದ. ಟ್ಯಾಂಕ್ ಇದ್ದ ಖೋಲಿಯಾಗ ಅದು ಬ್ಯಾಡ, ಮಲಗುವಾಗ ಸೊಳ್ಳಿ ಪರದಿ ಕಟ್ಕೊಳ್ರಿ.

ಎರಡನೇದು ಶಕಿ. ಚೆರ್ರಿ ಸೀಗಡಿಗಿ 20ರಿಂದ 26 ಡಿಗ್ರಿ ಹಿತ, 30 ದಾಟಿದ್ರ ತ್ರಾಸು. ನಮ್ಮ ಊರಾಗ ಹೊರಗ 42 ಇದ್ದಾಗ ಒಳಗ ನೀರು 32-33 ಆಗೋದು ದೊಡ್ಡ ಮಾತಲ್ಲ. ನೀರು ಬಿಸಿ ಆದಷ್ಟೂ ಆಕ್ಸಿಜನ್ ಹಿಡಿಯೋದು ಕಡಿಮಿ, 20 ಡಿಗ್ರಿಯಾಗ ಲೀಟರಿಗಿ 9 ಮಿಲಿಗ್ರಾಂ ಹಿಡಿಯೋ ನೀರು 35ರಾಗ 7ಕ್ಕ ಇಳೀತದ. ರಾತ್ರಿ ಗಿಡಾನೂ ಆಕ್ಸಿಜನ್ ತಗೋತಾವ, ಅದಕ್ಕ ಬೆಳಗಿನ ಜಾವ ಭಾಳ ಕಡಿಮಿ ಇರ್ತದ. ಮುಂಜಾನಿ ಲೈಟ್ ಹಚ್ಚೋಕಿಂತ ಮೊದಲು ಟಾರ್ಚ್ ಬಿಟ್ಟು ನೋಡೋ ರೂಢಿ ಇಟ್ಕೊಳ್ರಿ, ಸೀಗಡಿ ಎಲ್ಲಾ ಮ್ಯಾಲ ಬಂದು ತೇಲೋ ಗಿಡದ ಬೇರಿಗಿ ಜೋತು ಬಿದ್ದಿದ್ರ, ಉಸುಕಿನ್ಯಾಗ ಹೂತಿರಬೇಕಾದ ಚೂಪು ಶಂಖದ ಹುಳ ಗಾಜು ಹತ್ತಿದ್ರ ಆಕ್ಸಿಜನ್ ಕಮ್ಮಿ ಬಿದ್ದದ. ಟ್ಯಾಂಕ್ ಸ್ಟ್ಯಾಂಡಿನಿಂದ ಇಳಿಸಿ ತಂಪು ಫರಸಿ ನೆಲದ ಮ್ಯಾಲ ಇಡ್ರಿ, ನೀರಿನ ಮ್ಯಾಲ ಗಾಳಿ ಬೀಳುವಂಗ ಸಣ್ಣ ಟೇಬಲ್ ಫ್ಯಾನ್ ತಿರುಗಿಸ್ರಿ, ನಮ್ಮ ಒಣ ಹವಾಕ್ಕ ಎರಡು ಮೂರು ಡಿಗ್ರಿ ಆರಾಮ ಇಳೀತದ. ಐಸ್ ಹಾಕಬ್ಯಾಡ್ರಿ, ಒಮ್ಮೆಲೇ ತಂಪು ಒಮ್ಮೆಲೇ ಬಿಸಿ ಆದ್ರ ಇನ್ನೂ ಕೆಟ್ಟ.

ಮೂರನೇದು ಬೋರಿನ ನೀರು. ಆರೋದು ಬರೇ ನೀರು, ಉಪ್ಪು ಸುಣ್ಣ ಎಲ್ಲಾ ಒಳಗೇ ಉಳೀತದ, ಅದರ ಮ್ಯಾಲ ಮತ್ತ ಬೋರಿಂದೇ ಸುರದ್ರ ಗಡಸುತನ ಏರ್ತಾ ಹೋಗಿ ಸೀಗಡಿ ಸಿಪ್ಪಿ ಬಿಚ್ಚೋದೇ ಕಷ್ಟ ಆಗ್ತದ. ಮೊದಲ ಸಲ ತುಂಬೋದು ಬೋರಿನ ನೀರು, ಆರಿದ್ದಕ್ಕ ತುಂಬೋದು ಆರ್‌ಓ ನೀರು, ಇಷ್ಟು ನೆನಪಿಟ್ರ ಸಾಕು. ಪೂರ್ತಿ ಟ್ಯಾಂಕ್ ಆರ್‌ಓ ನೀರಿಂದ ತುಂಬಿದ್ರ ಚಿಪ್ಪಿಗಿ ಸುಣ್ಣ ಸಿಗಲ್ಲ, ಅದೂ ತಪ್ಪು.

ಬೋನಾಳ ಕೆರಿಂದ ಬಸವನಹುಳ, ಗಿಡ ತರಬಹುದಾ?
— ಸುರಪುರ

ಬೋನಾಳ ಪಕ್ಷಿಧಾಮ, ಅಲ್ಲಿಂದ ಒಂದು ಎಲಿನೂ ಎತ್ತಬ್ಯಾಡ್ರಿ, ಕಾನೂನಿಗಿ ಸಿಗ್ತೀರಿ. ಬ್ಯಾರೆ ಹಳ್ಳ, ಕಾಲುವಿಯಾಗ ಸಿಗೋ ದುಂಡು ಮುಚ್ಚಳದ ಬೆಲ್ಲಾಮಿಯಾ ಬಸವನಹುಳ ಛೊಲೋ ಜಾತಿ, ಮೊಟ್ಟಿ ಇಡಲ್ಲ, ಸೀದಾ ಮರಿ ಹಾಕ್ತದ, ನೀರು ಸೋಸಿ ತಿಂತದ. ಪೈಲಾ ಅನ್ನೋ ದೊಡ್ಡ ಬಸವನಹುಳ ತಂದ್ರ ಗಿಡಾ ಎಲ್ಲಾ ಬೋಳಿಸ್ತದ. ಕಾಡು ಬಸವನಹುಳದಾಗ ದನದ ಯಕೃತ್ತಿನ ಹುಳದಂಥ ಪರಾವಲಂಬಿ ಇರಬಹುದು, ಅದಕ್ಕ ದನ ಮೀಯೋ ಕಡಿಂದ ತರಬ್ಯಾಡ್ರಿ, ಮುಟ್ಟಿದ ಮ್ಯಾಲ ಸಬಕಾರ ಹಚ್ಚಿ ಕೈ ತೊಳೀರಿ. ಕೆರಿ ಗಿಡ ತಂದ್ರ ಒಂದೆರಡು ವಾರ ಬ್ಯಾರೆ ಬಕೇಟಿನ್ಯಾಗ ಇಟ್ಟು ನೋಡ್ರಿ, ಡ್ರ್ಯಾಗನ್‌ಫ್ಲೈ ಮರಿ ಇದ್ರ ಅಲ್ಲೇ ಸಿಗ್ತದ, ಒಂದೇ ಉಳದ್ರೂ ಸೀಗಡಿ ಖಾಲಿ ಮಾಡ್ತದ. ಟ್ಯಾಂಕಿನ್ಯಾಗ ಹೆಚ್ಚಾದ ಗಿಡ, ಸೀಗಡಿ ಮಾತ್ರ ಯಾವ ಕೆರಿಗೂ ಬಿಡಬ್ಯಾಡ್ರಿ. ಹೊರಗಿಂದ ಬಂದ ಅಂತರಗಂಗಿ (ವಾಟರ್ ಹಯಸಿಂತ್) ಕೆರಿ ಕೆರಿ ಮುಚ್ಚಿ ಹಾಕಿದ್ದು ಕಣ್ಣ ಮುಂದೇ ಅದ.

ಬಾಟಲಿ ಬಾಯಿ ಪೂರ್ತಿ ಸೀಲ್ ಮಾಡಿ ಸೀಗಡಿ ಸಾಕಬಹುದಂತ, ಖರೇನಾ?
— ಬಿಎಸ್ಸಿ ವಿದ್ಯಾರ್ಥಿ, ಹುಮನಾಬಾದ

ಗಾಜಿನ ಗುಂಡಿನ್ಯಾಗ ಸೀಲ್ ಮಾಡಿ ಮಾರೋದು ಹವಾಯಿ ದ್ವೀಪದ ಪುಟ್ಟ ಕೆಂಪು ಸೀಗಡಿ, ಹಲೋಕಾರಿಡಿನಾ ಅಂತ, ಉಪ್ಪು ನೀರಿಂದು. ಅದು ಭಾಳ ಗಟ್ಟಿ ಜೀವ, ವರ್ಷಗಟ್ಲೆ ತಡೀತದ, ಆದ್ರ ಅದು ಬದುಕೋದಕ್ಕಿಂತ ಸಾಯದೇ ಇರೋದು ಅನ್ಸ್ತದ ನನಗ. ಚೆರ್ರಿ ಸೀಗಡಿ ಹಂಗ ಮುಚ್ಚಿದ್ರ ಉಳಿಯಲ್ಲ. ಪ್ರಯೋಗ ಮಾಡಬೇಕಂದ್ರ ಎರಡು ಲೀಟರ್ ಬರಣಿಯಾಗ ಮಣ್ಣು, ಹಾರ್ನ್‌ವರ್ಟ್, ಆಸ್ಟ್ರಾಕಾಡ್, ಒಂದೆರಡು ಸಣ್ಣ ಬಸವನಹುಳ ಹಾಕಿ, ಕಾಲು ಭಾಗ ಗಾಳಿಗಿ ಬಿಟ್ಟು ಮುಚ್ಚಿ, ನೆರಳ ಬೆಳಕಿನ್ಯಾಗ ಇಡ್ರಿ. ಬಿಸಲಿಗಿ ಇಟ್ರ ಮಧ್ಯಾಹ್ನಕ್ಕೇ ಬೆಂದು ಹೋಗ್ತದ.

ಮಗಳು ಹಟ ಮಾಡ್ಲಾಕತ್ಯಾಳ, ಸೀಗಡಿ ಟ್ಯಾಂಕಿಗಿ ಒಂದೇ ಒಂದು ಗಪ್ಪಿ ಮೀನ ಬಿಡ್ಲಾ?
— ಆಳಂದ

ಹೆಣ್ಣು ಗಪ್ಪಿ ಆದ್ರ ಒಂದೇ ಒಂದು ಇರಲ್ಲರಿ, ಅಂಗಡಿಯಾಗೇ ಬಸರಾಗಿ ಬಂದಿರ್ತದ, ಗಂಡಿಲ್ಲದೇ ತಿಂಗಳ ಮ್ಯಾಲ ತಿಂಗಳು ಮರಿ ಹಾಕ್ತದ, ಆ ಮರಿ ಎಲ್ಲಾ ಕೂಡಿ ಸೀಗಡಿ ಮರಿ ತಿಂತಾವ. ಮಗಳಿಗಿ ಬ್ಯಾರೆ ಟ್ಯಾಂಕ್ ಕೊಡಸ್ರಿ, ನೀರು ಬದಲಿ ಮಾಡೋ ಕೆಲಸಾನೂ ಅವಳಿಗೇ ಇರಲಿ.